ವಹಿವಾಟೇ ನಡೆಯದ ಬಾಂಡಿನ ಫೇರ್ ವ್ಯಾಲ್ಯೂ: ಲೆವೆಲ್ 2 ಅಥವಾ 3?

ತಾಳೆಪಟ್ಟಿ (ಪ್ರಶ್ನೆ):
ಕಂಪನಿಯೊಂದರ ಬಳಿ ಇರುವ ಬಾಂಡ್: ಮುಖಬೆಲೆ 100, ವರ್ಷಕ್ಕೊಮ್ಮೆ 8% ಕೂಪನ್ (ಬಡ್ಡಿ), ಅವಧಿ ಸರಿಯಾಗಿ 3 ವರ್ಷ ಬಾಕಿ. ಕೊನೆಯ ವಹಿವಾಟು ನಾಲ್ಕು ತಿಂಗಳ ಹಿಂದೆ 98ಕ್ಕೆ ಆಗಿದೆ. ಬ್ರೋಕರ್ ಒಬ್ಬರು 97.50 ಎಂದು ಮೇಲ್ ಕಳಿಸಿದ್ದಾರೆ, ಆದರೆ ಆ ಬೆಲೆಗೆ ಕೊಳ್ಳುವ ಭರವಸೆ ಇಲ್ಲ. ವರ್ಷಾಂತ್ಯಕ್ಕೆ ಫೇರ್ ವ್ಯಾಲ್ಯೂ (ನ್ಯಾಯ ಮೌಲ್ಯ) ಎಂದು ಯಾವುದನ್ನು ಹಿಡಿಯಬೇಕು? ಲೆವೆಲ್ ಯಾವುದು? ಕಂಪನಿ ತಾನೇ ಹೊರಡಿಸಿದ ಸಾಲಪತ್ರವನ್ನೂ ಫೇರ್ ವ್ಯಾಲ್ಯೂನಲ್ಲೇ ತೋರಿಸುತ್ತಿದೆ, ಅದಕ್ಕೂ ಇದೇ ಕ್ರಮವೇ?

ಬಡ್ಡಿರೇಖೆ:
ಎರಡನ್ನೂ ಹಾಗೇ ಎತ್ತಿಕೊಳ್ಳಬೇಡಿ. ಫೇರ್ ವ್ಯಾಲ್ಯೂ ಅಳೆಯುವ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 13 ಕೇಳುವುದು ನಿರ್ಗಮನ ಬೆಲೆಯನ್ನು: ಅಳತೆಯ ದಿನದಂದು, ಯಾವ ಒತ್ತಾಯವೂ ಇಲ್ಲದ ವ್ಯವಹಾರದಲ್ಲಿ ಮಾರಿದರೆ ಎಷ್ಟು ಬರುತ್ತದೆ ಎಂದು. 98 ನಾಲ್ಕು ತಿಂಗಳ ಹಿಂದಿನ ಬಡ್ಡಿದರಕ್ಕೆ ಹೊಂದಿದ್ದ ಬೆಲೆ. ಅದು ಉಪಯೋಗಕ್ಕೆ ಬರುವುದು ಬೇರೆ ರೀತಿಯಲ್ಲಿ. ಆ ದಿನದ ಬಡ್ಡಿರೇಖೆ (ಅವಧಿವಾರು ಅಪಾಯರಹಿತ ದರಗಳು) ಹಾಕಿ, 98ರೊಳಗೆ ಎಷ್ಟು ಕ್ರೆಡಿಟ್ ಸ್ಪ್ರೆಡ್ (ಅಪಾಯಕ್ಕಾಗಿ ಆ ದರದ ಮೇಲೆ ಕೇಳುವ ಹೆಚ್ಚುವರಿ ಬಡ್ಡಿ) ಅಡಗಿತ್ತು ಎಂದು ಮೊದಲು ಹೊರತೆಗೆಯಿರಿ. ಅದೇ ರೇಟಿಂಗಿನ ಬಾಂಡುಗಳ ಸ್ಪ್ರೆಡ್ ಅಲ್ಲಿಂದ ಎಷ್ಟು ಸರಿದಿದೆಯೋ ಅಷ್ಟು ಸರಿಸಿ, ಇಂದಿನ ರೇಖೆಗೆ ಕೂಡಿಸಿ.

3 ವರ್ಷದ ಅಪಾಯರಹಿತ ದರ 6.5%, ಸ್ಪ್ರೆಡ್ 3.5% ಬಂತು ಎನ್ನಿ. 10%ರಲ್ಲಿ ಮೂರು ಕಂತುಗಳ ಇಂದಿನ ಮೌಲ್ಯ 7.273, 6.612, 81.142. ಒಟ್ಟು 95.03. ಬ್ರೋಕರ್ ಹೇಳಿದ 97.50ಕ್ಕೆ ಯೀಲ್ಡ್ (ಆ ಬೆಲೆಗೆ ಕೊಂಡವರಿಗೆ ಸಿಗುವ ವಾರ್ಷಿಕ ಪ್ರತಿಫಲ) 9%ರ ಆಸುಪಾಸು, ಅಂದರೆ ಸ್ಪ್ರೆಡ್ ಬರೀ 2.5%. ಈ ಒಂದು ಶೇಕಡಾಂಶದ ಅಂತರ ಎಲ್ಲಿಂದ ಬಂತು ಎಂದು ಅವರನ್ನೇ ಕೇಳಿ. ಯಾವ ವಹಿವಾಟು ನೋಡಿ ಹೇಳಿದರು ಎಂಬುದಕ್ಕೆ ಉತ್ತರ ಸಿಗದಿದ್ದರೆ ಆ ಮೇಲಿಗೆ ತೂಕ ಕಡಿಮೆ.

ಮೂರನೇಹಂತ:
ಲೆವೆಲ್ ವಿಷಯಕ್ಕೆ ಬರುತ್ತೇನೆ. ಅದು ಬಾಂಡಿಗೂ ಅಂಟಿಕೊಂಡದ್ದಲ್ಲ, ಲೆಕ್ಕದ ವಿಧಾನಕ್ಕೂ ಅಲ್ಲ, ಇನ್‌ಪುಟ್‌ಗಳಿಗೆ, ಅಂದರೆ ಲೆಕ್ಕಕ್ಕೆ ಹಾಕುವ ಅಂಕಿಗಳಿಗೆ. ಸಕ್ರಿಯ ಮಾರುಕಟ್ಟೆಯಲ್ಲಿ ಅದಕ್ಕೇ ಇರುವ ಬೆಲೆ ಲೆವೆಲ್ 1, ಮಾರುಕಟ್ಟೆಯಲ್ಲಿ ಕಾಣುವ ಉಳಿದ ಇನ್‌ಪುಟ್ ಲೆವೆಲ್ 2, ಕಾಣದ್ದು ಲೆವೆಲ್ 3. ಮೇಲಿನ 3.5% ಪೂರ್ತಿ ಮಾರುಕಟ್ಟೆಯಲ್ಲಿ ಕಾಣುವ ಸ್ಪ್ರೆಡ್ ಆದರೆ ಲೆವೆಲ್ 2. ಆದರೆ 2.5% ಮಾತ್ರ ಹೊರಗಡೆ ಕಂಡದ್ದು, ಉಳಿದ 1% "ಇದನ್ನು ಮಾರುವುದು ಕಷ್ಟ" ಎಂದು ಕಂಪನಿಯೇ ಅಂದಾಜಿಸಿ ಸೇರಿಸಿದ್ದು ಎಂದಿಟ್ಟುಕೊಳ್ಳಿ. ಆ 1% ಇಲ್ಲದಿದ್ದರೆ ಬೆಲೆ 97.47, ಇದ್ದರೆ 95.03. 100ರ ಬಾಂಡಿನಲ್ಲಿ 2.44ರ ವ್ಯತ್ಯಾಸ ನನ್ನ ಲೆಕ್ಕದಲ್ಲಿ ಗಣನೀಯವೇ, ಹಾಗಾಗಿ ಇಡೀ ಅಳತೆ ಲೆವೆಲ್ 3ಕ್ಕೆ ಇಳಿಯುತ್ತದೆ. "ಗಣನೀಯ" ಎಂಬುದಕ್ಕೆ ಮಾನದಂಡ ಯಾವ ಶೇಕಡಾವಾರನ್ನೂ ಕೊಟ್ಟಿಲ್ಲ. ಕಂಪನಿ ಒಂದು ಮಿತಿ ಬರೆದಿಟ್ಟು ಪ್ರತಿ ವರ್ಷ ಅದನ್ನೇ ಪಾಲಿಸಲಿ.

ಲೆವೆಲ್ 3 ಆದರೆ ಕೆಲಸ ಹೆಚ್ಚು: ಆರಂಭದ ಶಿಲ್ಕಿನಿಂದ ಅಂತ್ಯದ ಶಿಲ್ಕಿನವರೆಗೆ ಹೊಂದಾಣಿಕೆ ಪಟ್ಟಿ, ಕಾಣದ ಇನ್‌ಪುಟ್‌ಗಳ ಅಂಕಿಗಳು, ಅವು ಬದಲಾದರೆ ಮೌಲ್ಯ ಎಷ್ಟು ಏರುಪೇರಾಗುತ್ತದೆ ಎಂಬ ವಿವರ. ಇದನ್ನು ತಪ್ಪಿಸಿಕೊಳ್ಳಲೆಂದೇ ಎಷ್ಟೋ ಬಾಂಡುಗಳು ಲೆವೆಲ್ 2ರಲ್ಲಿ ಕೂತಿರುತ್ತವೆ. ಬ್ರೋಕರ್ ಕೋಟ್ ಇದೆ ಎಂದ ಮಾತ್ರಕ್ಕೆ ಲೆವೆಲ್ 2 ಆಗುವುದಿಲ್ಲ.

ಇನ್ನೊಂದು ಮಾಮೂಲು ತಪ್ಪು: ಡಿಫಾಲ್ಟ್ ಸಂಭವವನ್ನು ನಗದು ಹರಿವಿನಲ್ಲೂ ಕಡಿಮೆ ಮಾಡಿ, ಅದೇ ನಷ್ಟವನ್ನು ಸ್ಪ್ರೆಡ್ ಮೂಲಕ ದರದಲ್ಲೂ ಕೂಡಿಸುವುದು. ಒಂದೇ ಅಪಾಯಕ್ಕೆ ಎರಡು ಸಲ ಕಡಿತ.

ತಾಳೆಪಟ್ಟಿ:
ಮಾರಾಟದ ಕಮಿಷನ್ ಕಳೆಯಬೇಕೇ? ಬಿಡ್ (ಕೊಳ್ಳುವವರು ಹೇಳುವ) ಬೆಲೆಯೋ, ಅದಕ್ಕೂ ಆಸ್ಕ್‌ಗೂ (ಮಾರುವವರು ಕೇಳುವ ಬೆಲೆ) ನಡುವಿನದೋ?

ಬಡ್ಡಿರೇಖೆ:
ಕಮಿಷನ್ ಕಳೆಯುವಂತಿಲ್ಲ, ಅದು ವ್ಯವಹಾರದ ಖರ್ಚು. ಬಿಡ್-ಆಸ್ಕ್ ನಡುವೆ ಫೇರ್ ವ್ಯಾಲ್ಯೂವನ್ನು ಚೆನ್ನಾಗಿ ಪ್ರತಿನಿಧಿಸುವ ಬೆಲೆ ಹಿಡಿಯಬೇಕು. ಆಸ್ತಿಗೆ ಬಿಡ್ ಬಳಸಬಹುದು, ಮಾರುಕಟ್ಟೆಯಲ್ಲಿ ಆ ರೂಢಿ ಇದ್ದರೆ ಮಧ್ಯದ ಬೆಲೆಗೂ ಅಡ್ಡಿಯಿಲ್ಲ.

ಸಾಲದಬದಿ:
ಸಾಲಪತ್ರದ ಪ್ರಶ್ನೆ ಉಳಿದಿತ್ತು. ಅಲ್ಲಿ ನೋಡಬೇಕಾದದ್ದು ತೀರಿಸಲು ಎಷ್ಟು ಬೇಕು ಎಂದಲ್ಲ, ಬೇರೊಬ್ಬರಿಗೆ ವರ್ಗಾಯಿಸಲು ಎಷ್ಟು ಕೊಡಬೇಕು ಎಂದು. ವರ್ಗಾಯಿಸಿದ ಮೇಲೂ ಕ್ರೆಡಿಟ್ ಅಪಾಯ ಹಾಗೇ ಇರುತ್ತದೆ ಎಂದೇ ಭಾವಿಸಬೇಕು. ಆದ್ದರಿಂದ ಕಂಪನಿಯ ಸ್ವಂತ ಡಿಫಾಲ್ಟ್ ಅಪಾಯವೂ ದರದೊಳಗೆ ಬರುತ್ತದೆ.

5 ವರ್ಷದ ನಂತರ ಒಂದೇ ಗಂಟಿನಲ್ಲಿ 100 ಕೊಡಬೇಕು, ಅಪಾಯರಹಿತ ದರ 4%, ಕಂಪನಿಯ ಸ್ಪ್ರೆಡ್ 2% ಎಂದುಕೊಳ್ಳಿ. ಹೊಣೆಯ ಮೌಲ್ಯ 74.73. ಕಂಪನಿಯ ಸ್ಥಿತಿ ಕೆಟ್ಟು ಸ್ಪ್ರೆಡ್ 4% ಆದರೆ 68.06. ಕಂಪನಿ ಹಾಳಾದಷ್ಟೂ 6.67 "ಲಾಭ"! ನೋಡಲು ವಿಚಿತ್ರವೇ, ಹಾಗಾಗಿಯೇ ಹಣಕಾಸು ಸಾಧನಗಳ ಮಾನದಂಡ ಐಎಫ್‌ಆರ್‌ಎಸ್ 9 ಇದಕ್ಕೆ ಅಡ್ಡಗೋಡೆ ಹಾಕಿದೆ. ಆಯ್ಕೆಯಿಂದ ಫೇರ್ ವ್ಯಾಲ್ಯೂಗೆ ತಂದ ಹೊಣೆಯಲ್ಲಿ, ಸ್ವಂತ ಕ್ರೆಡಿಟ್‌ನಿಂದ ಬಂದ ಬದಲಾವಣೆ ಲಾಭ-ನಷ್ಟಕ್ಕೆ ಹೋಗದೆ, ಅದರ ಹೊರಗೆ ತೋರಿಸುವ ಇತರ ಸಮಗ್ರ ಆದಾಯಕ್ಕೆ ಹೋಗುತ್ತದೆ, ಮುಂದೆ ಸಾಲ ತೀರಿದರೂ ಲಾಭ-ನಷ್ಟಕ್ಕೆ ಮರಳುವುದಿಲ್ಲ. ಹಾಗೆ ಮಾಡಿದರೆ ಲೆಕ್ಕದಲ್ಲೇ ಹೊಂದಿಕೆ ತಪ್ಪುವುದಾದರೆ ಮಾತ್ರ ವಿನಾಯಿತಿ.

ಲೆಕ್ಕಕ್ಕೆ ಕೂರುವ ಮುಂಚೆ ಒಂದು ನೋಡಿ: ಅದೇ ಸಾಲಪತ್ರವನ್ನು ಆಸ್ತಿಯಾಗಿ ಇಟ್ಟುಕೊಂಡವರು ಸಕ್ರಿಯ ಮಾರುಕಟ್ಟೆಯಲ್ಲಿ ಅದನ್ನು ಮಾರುತ್ತಿದ್ದರೆ, ಅಲ್ಲಿನ ಬೆಲೆಯೇ ನಿಮ್ಮ ಹೊಣೆಯ ಮೌಲ್ಯಕ್ಕೆ ಆಧಾರ. ಆದರೆ ಆ ಬೆಲೆಯಲ್ಲಿ ಮೂರನೆಯವರ ಗ್ಯಾರಂಟಿಯ ಬಲ ಸೇರಿದ್ದು, ಕಂಪನಿ ಗ್ಯಾರಂಟಿಯನ್ನು ಹೊಣೆಯಿಂದ ಬೇರೆಯಾಗಿ ಲೆಕ್ಕ ಹಿಡಿದಿದ್ದರೆ, ಆ ಭಾಗವನ್ನು ತೆಗೆಯಬೇಕು. ಆಗ ಅದು ಲೆವೆಲ್ 1 ಆಗಿ ಉಳಿಯುವುದಿಲ್ಲ.