ಫೈಬರ್ ಕಯಾಕ್ ಬಿಸಿಲಿಗೆ ಮಾಸುತ್ತಿದೆ: ಉಳಿಸಿಕೊಳ್ಳುವ ದಾರಿ ಯಾವುದು?

ಪ್ರಶ್ನೆ (ಹಿನ್ನೀರು, ಕುಂದಾಪುರ)

ಮಾನ್ಯರೇ, ಪಂಚಗಂಗಾವಳಿಯ ಹಿನ್ನೀರಿನಲ್ಲಿ ನಾನು ಬಳಸುವ ಎರಡು ಕಯಾಕ್‌ಗಳಲ್ಲಿ ಒಂದು ಕೆಂಪು ಜೆಲ್‌ಕೋಟ್ (ಹೊರಮೈಯ ಬಣ್ಣದ ಪದರ) ಇರುವ ಫೈಬರ್‌ಗ್ಲಾಸಿನದು, ಇನ್ನೊಂದು ಕಾರ್ಬನ್ ಮತ್ತು ಕೆವ್ಲಾರ್ ನಾರುಗಳು ಬೆರೆತದ್ದು. ಎರಡನ್ನೂ ನಾಲ್ಕು ವರ್ಷಗಳಿಂದ ತಾರಸಿಯ ಮೇಲೆ ಕವುಚಿ, ನೀಲಿ ಟಾರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿ ಇಡುತ್ತಿದ್ದೇನೆ. ಕೆಂಪು ದೋಣಿಯ ಬಣ್ಣ ಮಾಸಿದೆ. ಸುಣ್ಣ ಬಳಿದ ಗೋಡೆಯನ್ನು ಸವರಿದ ಹಾಗೆ ಕೈಗೆ ಪುಡಿ ಹತ್ತುತ್ತದೆ. ಇನ್ನೊಂದರಲ್ಲಿ, ಕೂರುವ ಜಾಗದ ಸುತ್ತ ಹಳದಿಯಾಗಿದ್ದ ಕೆವ್ಲಾರ್ ಕಂದಾಗಿದೆ. ಇದು ನೋಟಕ್ಕಷ್ಟೇ ಸಂಬಂಧಿಸಿದ್ದೇ, ಅಥವಾ ದೋಣಿಯ ಬಲವೂ ಕುಂದುತ್ತಿದೆಯೇ?

ಉತ್ತರ 1 (ಫೈಬರ್ ಕೆಲಸಗಾರ, ಮಲ್ಪೆ)

ಮೀನುಗಾರಿಕೆಯ ಫೈಬರ್ ದೋಣಿಗಳ ರಿಪೇರಿಯಲ್ಲಿ ಈ ಪುಡಿಯನ್ನು ನಾನು ದಿನವೂ ನೋಡುತ್ತೇನೆ. ಗಾಜಿನ ನಾರನ್ನು ಬಿಸಿಲು ಏನೂ ಮಾಡುವುದಿಲ್ಲ. ನೇರಳಾತೀತ ಕಿರಣಗಳು ಒಡೆಯುವುದು ರೆಸಿನ್ನನ್ನು, ಅಂದರೆ ನಾರನ್ನು ಹಿಡಿದಿಡುವ, ಗಟ್ಟಿಯಾದ ಅಂಟನ್ನು. ಜೆಲ್‌ಕೋಟಿನ ಮೇಲ್ಪದರದ ರೆಸಿನ್ ಒಡೆದಾಗ ಅದು ಹಿಡಿದುಕೊಂಡಿದ್ದ ಬಣ್ಣದ ಕಣಗಳು ಸಡಿಲವಾಗಿ ಪುಡಿಯಾಗುತ್ತವೆ, ಕೆಂಪಿನಲ್ಲಿ ಇದು ಬೇಗ ಎದ್ದು ಕಾಣುತ್ತದೆ. ಸಿಹಿನೀರಿನಲ್ಲಿ ಉಪ್ಪು ತೊಳೆದು, ಮೈ ಒದ್ದೆಯಿರುವಾಗಲೇ ನೋಡಿರಿ: ಹಳೆಯ ಕೆಂಪು ಮರಳಿ ಬಂದಂತೆ ಕಂಡರೆ ಹಾನಿ ಮೇಲ್ಮೈಯಲ್ಲಷ್ಟೇ ಇದೆ ಎಂದು ತಿಳಿಯಬಹುದು. ಆಗ ನಯವಾದ ರಬ್ಬಿಂಗ್ ಕಾಂಪೌಂಡಿನಿಂದ ಕೈಯಲ್ಲೇ ಉಜ್ಜಿ, ಮೇಲೆ ವ್ಯಾಕ್ಸ್ ಹಚ್ಚಿದರೆ ಸಾಕು. ಆದರೆ ಜೆಲ್‌ಕೋಟ್ ಇರುವುದು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟು ಮಾತ್ರ, ಪ್ರತಿ ಸಲ ಉಜ್ಜಿದಾಗಲೂ ಅದರಲ್ಲಿ ಸ್ವಲ್ಪ ಸವೆಯುತ್ತದೆ. ಆದ್ದರಿಂದ ಪ್ರತಿ ವರ್ಷ ಹೊಳಪು ತರಿಸುವ ಆಸೆ ಬೇಡ, ಅಂಚುಗಳಲ್ಲಿ ಕೈ ಹಗುರವಾಗಿರಲಿ. ಬಟ್ಟೆಯ ನೇಯ್ಗೆ ಕಾಣತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಮುಂದೆ ಜೆಲ್‌ಕೋಟ್ ಹಚ್ಚಬೇಕಾಗುವ ಜಾಗಕ್ಕೆ ಸಿಲಿಕೋನ್ ಇರುವ ಪಾಲಿಶ್ ತಾಗಿಸಬೇಡಿ, ಹೊಸ ಪದರ ಅದರ ಮೇಲೆ ಹಿಡಿಯುವುದಿಲ್ಲ.

ಉತ್ತರ 2 (ಹಳೆಯ ಹುಟ್ಟು, ಹೊನ್ನಾವರ)

ಉಜ್ಜುವ ಮಾತಿಗಿಂತ ಮೊದಲು ಆ ಟಾರ್ಪಾಲನ್ನು ದಯವಿಟ್ಟು ಬಿಚ್ಚಿ. ಬೆಳಕನ್ನು ತಡೆಯುವ ಭರದಲ್ಲಿ ನಾವು ಬಿಸಿಯನ್ನೂ ತೇವವನ್ನೂ ಒಳಗೇ ಕಟ್ಟಿಹಾಕುತ್ತೇವೆ. ಮೈಗಂಟಿದ ಟಾರ್ಪಾಲಿನ ಅಡಿಯಲ್ಲಿ ನಿಂತ ನೀರು ಆರದೆ ಉಳಿದು ಜೆಲ್‌ಕೋಟಿನಲ್ಲಿ ಗುಳ್ಳೆ ಏಳಿಸಿದ್ದನ್ನು ನನ್ನದೇ ದೋಣಿಯಲ್ಲಿ ಕಂಡಿದ್ದೇನೆ. ಒಂದು ಮಳೆಗಾಲ ಅದನ್ನು ಬಿಚ್ಚಿ ನೋಡದೆ ಬಿಟ್ಟಿದ್ದೆ, ಆ ಬೇಸರ ಇನ್ನೂ ಇದೆ. ಕಾಂಕ್ರೀಟಿನ ತಾರಸಿಯಂತೂ ಕೆಳಗಿನಿಂದಲೂ ಕಾಯುತ್ತದೆ. ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗಿಸಿದ ಅನೇಕ ಎಪಾಕ್ಸಿ ರೆಸಿನ್‌ಗಳು 50–60 ಡಿಗ್ರಿಯ ಆಸುಪಾಸಿನಲ್ಲಿ ಮೃದುವಾಗತೊಡಗುವುದರಿಂದ, ಬಿಸಿಲಿನಲ್ಲಿ ಕಾದ ಕಪ್ಪು ಕಾರ್ಬನ್ ದೋಣಿಯನ್ನು ಹಗ್ಗದಿಂದ ಬಿಗಿದು ಕಟ್ಟಿದ್ದರೆ ಕಟ್ಟಿದಲ್ಲೇ ಕುಳಿ ಬೀಳುವ ಸಂಭವವಿದೆ.

ಗಾಳಿಯ ವಿಷಯವನ್ನೂ ಮರೆಯಬಾರದು. ಕಯಾಕಿನೊಳಗೆ ಅಡ್ಡಗೋಡೆಯಿಂದ ಬೇರ್ಪಡಿಸಿದ ಮುಚ್ಚಿದ ಕೋಣೆ 30 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ, ಅದರಲ್ಲಿನ 100 ಲೀಟರ್ ಗಾಳಿ ಸುಮಾರು 110 ಲೀಟರಿನ ಜಾಗ ಕೇಳುತ್ತದೆ, ಆ ಒತ್ತಡವೆಲ್ಲ ಅಡ್ಡಗೋಡೆಯ ಅಂಟಿನ ಮೇಲೆ ಬೀಳುತ್ತದೆ. ಅದೇ ಕಾದ ದೋಣಿಯನ್ನು ತಣ್ಣೀರಿಗೆ ಇಳಿಸಿದಾಗ ಗಾಳಿ ಕುಗ್ಗಿ, ಸಣ್ಣ ಸಂದಿಯಿದ್ದರೂ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ದಡದಲ್ಲಿರುವಾಗ ಆ ಕೋಣೆಗಳ ಹ್ಯಾಚ್ ಮುಚ್ಚಳಗಳು ಸಡಿಲವಾಗಿರಲಿ.

ನಮ್ಮ ಕರಾವಳಿಯಲ್ಲಿ ದಡಕ್ಕೆಳೆದ ದೋಣಿಗೆ ಮಡಲಿನ ಮಾಡು ಕಟ್ಟುವ ಪದ್ಧತಿ ಇದ್ದದ್ದೇ. ನೆರಳೂ ಬೇಕು, ಗಾಳಿಯೂ ಆಡಬೇಕು ಎಂಬುದನ್ನು ಅದು ಒಟ್ಟಿಗೇ ಸಾಧಿಸುತ್ತದೆ. ಮನೆಯ ಉತ್ತರದ ಜಗಲಿ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ದೋಣಿಯಿಂದ ಎರಡು ಅಡಿ ಮೇಲೆ ಟಾರ್ಪಾಲನ್ನು ಇಳಿಜಾರಾಗಿ ಕಟ್ಟಿ, ಬದಿಗಳನ್ನು ತೆರೆದಿಡಿ. ತೆಂಗಿನ ಮರದ ಬುಡದಲ್ಲಿ ಮಾತ್ರ ಇಡಬೇಡಿ. ಒಂದು ಕಾಯಿ ಬಿದ್ದರೆ ಬಿಸಿಲಿನ ಹಾನಿಯ ಚರ್ಚೆಯೇ ಉಳಿಯುವುದಿಲ್ಲ.

ಉತ್ತರ 3 (ಮೆಟೀರಿಯಲ್ಸ್ ಅಧ್ಯಾಪಕ, ಸುರತ್ಕಲ್)

ಕೆವ್ಲಾರಿನ ವಿಷಯದಲ್ಲಿ ತಮ್ಮ ಆತಂಕ ಸಕಾರಣವಾದುದು. ಅದು ಅರಮಿಡ್ ನಾರು. ಗಾಜಿಗೂ ಕಾರ್ಬನ್ನಿಗೂ ಇಲ್ಲದ ದೌರ್ಬಲ್ಯ ಇದಕ್ಕಿದೆ: ನೇರಳಾತೀತ ಕಿರಣ ಇದರ ಅಣುಸರಪಳಿಯನ್ನೇ ಕಡಿಯುತ್ತದೆ, ಹಳದಿ ಕಂದಾಗುವುದು ಅದರ ಗುರುತು. ಸಮಾಧಾನದ ಸಂಗತಿಯೆಂದರೆ, ಹೊರಗಿನ ನಾರುಗಳು ಒಳಗಿನವಕ್ಕೆ ನೆರಳಾಗುವುದರಿಂದ ಹಾನಿ ಮೇಲಿನಿಂದ ಒಳಕ್ಕೆ ನಿಧಾನವಾಗಿ ಸಾಗುತ್ತದೆ. ಈಗ ಹೋದ ಬಲ ಮರಳುವುದಿಲ್ಲವಾದರೂ, ಆ ಜಾಗಕ್ಕೆ ತಿಳಿಬೂದು ಬಣ್ಣ ಬಳಿದು, ಬಳಸದಿರುವಾಗ ಕೂರುವ ಜಾಗಕ್ಕೆ ಬಟ್ಟೆಯ ಹೊದಿಕೆ ಹಾಕಿದರೆ ಮುಂದಿನ ಹಾನಿ ಬಹುಮಟ್ಟಿಗೆ ನಿಲ್ಲುತ್ತದೆ. ನೇರಳಾತೀತ ಕಿರಣಗಳನ್ನು ತಡೆಯುವ ಅಂಶವಿಲ್ಲದ ಬರಿಯ ಪಾರದರ್ಶಕ ವಾರ್ನಿಶ್ ಇದಕ್ಕೆ ಸಾಲದು. ಕುಂದಾಪುರದಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯಭಾಗ, ಹೀಗೆ ವರ್ಷಕ್ಕೆರಡು ಬಾರಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಮೋಡವಿದ್ದರೂ ಈ ಕಿರಣಗಳಲ್ಲಿ ಸಾಕಷ್ಟು ಭಾಗ ಕೆಳಗೆ ತಲುಪುವುದರಿಂದ, ಮಳೆಗಾಲದಲ್ಲೂ ಹೊದಿಕೆ ತೆಗೆಯಬೇಡಿ.

ಪ್ರಶ್ನೆ ಕೇಳಿದವರು (ಹಿನ್ನೀರು, ಕುಂದಾಪುರ)

ತಮ್ಮೆಲ್ಲರಿಗೂ ಕೃತಜ್ಞ. ಕೆಂಪು ದೋಣಿಯನ್ನು ಒದ್ದೆ ಮಾಡಿ ನೋಡಿದೆ, ಬಣ್ಣ ಮರಳಿತು. ಟಾರ್ಪಾಲು ಬಿಚ್ಚಿ ಎರಡನ್ನೂ ಜಗಲಿಗೆ ಇಳಿಸಿದ್ದೇನೆ. ಇನ್ನೊಂದು ಮಾತು: 303 ಎಂಬ, ನೇರಳಾತೀತ ಕಿರಣ ತಡೆಯಲು ಸಿಂಪಡಿಸುವ ದ್ರವವನ್ನು ಕೆಲವರು ಶಿಫಾರಸು ಮಾಡುತ್ತಾರೆ, ಅದರಿಂದ ಪ್ರಯೋಜನವುಂಟೇ?

ಉತ್ತರ 2 (ಹಳೆಯ ಹುಟ್ಟು, ಹೊನ್ನಾವರ)

ಉಂಟು, ಆದರೆ ತಿಂಗಳು–ಒಂದೂವರೆ ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು, ನೆರಳಿಗೆ ಅದು ಬದಲಿಯಲ್ಲ. ತೊಳೆದು ಒಣಗಿಸಿದ ಮೈಗೆ ನೆರಳಿನಲ್ಲಿ ಹಚ್ಚಿ, ಪೂರ್ತಿ ಒಣಗುವವರೆಗೆ ಒರಸಿ. ನಾನು ಅದನ್ನು ಹೆಚ್ಚಾಗಿ ಬಳಸುವುದು ರಬ್ಬರ್ ಹ್ಯಾಚ್ ಮುಚ್ಚಳಗಳಿಗೆ. ಜೆಲ್‌ಕೋಟಿಗಿಂತ ಮೊದಲು ಬಿರುಕು ಬಿಡುವುದು ಅವೇ.