ಸಹಾಯ ಬೇಕು: ಸೇತುವೆ ಡೆಕ್‌ನಲ್ಲಿ ಜಿಪಿಆರ್ ಒಂದು ಹೇಳ್ತಿದೆ, ಇಂಪ್ಯಾಕ್ಟ್ ಎಕೋ ಇನ್ನೊಂದು

ನಮಸ್ಕಾರ. ಜಿಪಿಆರ್ (ರೇಡಿಯೋ ತರಂಗ ಕಳಿಸಿ ಕಾಂಕ್ರೀಟ್ ಒಳಗೆ ನೋಡೋ ರಡಾರ್) ಮತ್ತು ಇಂಪ್ಯಾಕ್ಟ್ ಎಕೋ (ಮೇಲೆ ತಟ್ಟಿ, ಪ್ರತಿಧ್ವನಿಯಿಂದ ದಪ್ಪ ಮತ್ತು ಒಳಬಿರುಕು ನೋಡೋದು) ಎರಡನ್ನೂ ಮಾಡಿದ್ವಿ. ಕರಾವಳಿಯಲ್ಲಿ ಉಪ್ಪುನೀರಿನ ಹೊಳೆ ಮೇಲಿರೋ ಹಳೇ ಆರ್‌ಸಿಸಿ ಸೇತುವೆ. ಡೆಕ್ (ವಾಹನ ಓಡೋ ಭಾಗದ) ಸ್ಲ್ಯಾಬ್ 220 ಮಿ.ಮೀ., ಅದರ ಮೇಲೆ 65 ಮಿ.ಮೀ. ಡಾಂಬರು. ಡಾಂಬರು ಪೂರ್ತಿ ಕೀಳೋಕೆ ಅನುಮತಿ ಇಲ್ಲ, 150 ಮಿ.ಮೀ. ಚೌಕದ ಕಿಂಡಿಗಳಿಗಷ್ಟೇ ಒಪ್ಪಿಗೆ. ಹಾಗಾಗಿ ಚೈನ್ ಡ್ರ್ಯಾಗ್ (ಸರಪಳಿ ಎಳೆದು ಸದ್ದು ಕೇಳೋ ಪರೀಕ್ಷೆ) ಕೈಬಿಟ್ವಿ. ಇಷ್ಟು ದಪ್ಪ ಪದರದ ಮೇಲೆ ಟೊಳ್ಳು ಸದ್ದನ್ನ ನಂಬೋ ಹಾಗಿಲ್ಲ.

1.5 ಗಿಗಾಹರ್ಟ್ಸ್ ಜಿಪಿಆರ್‌ನಲ್ಲಿ ಎಡ ಕರ್ಬ್ ಪಕ್ಕ, ನೀರು ನಿಲ್ಲೋ ಕಡೆ, ಮೇಲಿನ ಕಂಬಿಯ ಪ್ರತಿಫಲನ ತುಂಬಾ ಕುಗ್ಗಿದೆ. ಕವರ್ (ಕಂಬಿಯ ಮೇಲಿನ ಕಾಂಕ್ರೀಟ್ ದಪ್ಪ) 35ರಿಂದ 60 ಮಿ.ಮೀ. ಏರುಪೇರಾಗುತ್ತೆ, ಆಳದ ತಿದ್ದುಪಡಿ ಮಾಡಿದ ಮೇಲೂ ಇದೇ ಚಿತ್ರ. ಅಲ್ಲೇ ಕಿಂಡಿಯಲ್ಲಿ ಕಾಂಕ್ರೀಟ್ ಒದ್ದೆ ಮಾಡಿ, ಕಂಬಿಗೆ ನೇರ ಸಂಪರ್ಕ ಕೊಟ್ಟು ತಾಮ್ರದ ಸಲ್ಫೇಟ್ ಹಾಫ್‌ಸೆಲ್ (ಕಂಬಿಗೆ ತುಕ್ಕು ಹಿಡಿಯೋ ಸಾಧ್ಯತೆಯನ್ನ ವೋಲ್ಟೇಜ್‌ನಿಂದ ಅಂದಾಜಿಸೋ ಸಾಧನ) ಇಟ್ರೆ −240ರಿಂದ −310 ಮಿಲಿವೋಲ್ಟ್. ಈ ಪರೀಕ್ಷೆಯ ಮಾನದಂಡ ಎಎಸ್‌ಟಿಎಂ ಸಿ876 ಪ್ರಕಾರ ಇದು −200 ಮತ್ತು −350ರ ನಡುವಿನ ಅನಿಶ್ಚಿತ ವಲಯ. ಅದೇ ಕಿಂಡಿಗಳಲ್ಲಿ ಇಂಪ್ಯಾಕ್ಟ್ ಎಕೋ ಮಾತ್ರ ಸುಮಾರು 8.5 ಕಿಲೋಹರ್ಟ್ಸ್‌ನಲ್ಲಿ ಶುದ್ಧ ಶಿಖರ ಕೊಡುತ್ತೆ. ತರಂಗವೇಗ ಸೆಕೆಂಡಿಗೆ 3900 ಮೀ. ಹಿಡಿದ್ರೆ ಅದು ಪೂರ್ತಿ ದಪ್ಪವೇ, ಅಂದ್ರೆ ಕಾಂಕ್ರೀಟ್ ಒಳಗೆ ಬಿರುಕು ಬಿಟ್ಟು ಪದರ ಬೇರಾಗಿಲ್ಲ.

ಜಿಪಿಆರ್ ಸಂಕೇತ ಕುಗ್ಗೋದು ಮುಖ್ಯವಾಗಿ ತೇವ, ಕ್ಲೋರೈಡ್‌ನಿಂದ (ಕಂಬಿಗೆ ತುಕ್ಕು ತರೋ ಉಪ್ಪಿನಂಶ), ಬಿರುಕಿನಿಂದಲ್ಲ. ಹಾಗಾಗಿ ಎರಡೂ ಸರಿ ಇರಬಹುದು. ಆದ್ರೆ ಕುಗ್ಗಿಸ್ತಿರೋದು ಬರೀ ಡಾಂಬರಿನ ಅಡಿ ನಿಂತ ಮಳೆನೀರಾ, ಕಾಂಕ್ರೀಟ್ ಒಳಗಿನ ಕ್ಲೋರೈಡಾ ಅನ್ನೋದೇ ಬಿಡಿಸೋಕಾಗ್ತಿಲ್ಲ. ದುರಸ್ತಿ ಅಂದಾಜು ಪೂರ್ತಿ ಇದರ ಮೇಲೆ ನಿಂತಿದೆ.

ಪ್ರಶ್ನೆ: ಇವೆರಡನ್ನ ಬೇರ್ಪಡಿಸೋಕೆ ಬೇಸಿಗೆಯಲ್ಲಿ ಮತ್ತೆ ಜಿಪಿಆರ್ ಮಾಡೋದಾ, ಅಥವಾ ಈಗಲೇ ಕಿಂಡಿಗಳಲ್ಲಿ ಕಾಂಕ್ರೀಟ್‌ನ ರೆಸಿಸ್ಟಿವಿಟಿ (ವಿದ್ಯುತ್ ಪ್ರತಿರೋಧ) ಅಳೆದು, ಕಂಬಿ ಮಟ್ಟದವರೆಗೆ ಪುಡಿ ತೆಗೆದು ಕ್ಲೋರೈಡ್ ನೋಡೋದಾ? ಮೂರೇ ಕೋರ್‌ಗೆ (ಕೊರೆದು ತೆಗೆಯೋ ಕಾಂಕ್ರೀಟ್ ಮಾದರಿ) ಅವಕಾಶ ಇದ್ರೆ, ಒಂದನ್ನ ಗಟ್ಟಿ ಜಾಗದಲ್ಲಿ ಹೋಲಿಕೆಗೆ ಇಡ್ತೀರಾ?