ನೋಟಿಸಲ್ಲಿ ಕಂಡ ಒಂದು ಹೆಸರು, ಅಲ್ಲಿಂದ ವಂಶಾವಳಿ ಹುಡುಕೋದು ಶುರು. ನಿಮಗೆಲ್ಲ ಇದು ಎಲ್ಲಿಂದ ಹತ್ತಿಕೊಳ್ತು?

ಅಘನಾಶಿನಿ ದಂಡೆ:

ನಮ್ಮದು ಕುಮಟಾ, ಈಗ ಇರೋದು ಬೆಂಗ್ಳೂರಲ್ಲಿ. ಹೈವೇ ಅರವತ್ತಾರರ ಅಗಲೀಕರಣಕ್ಕೆ ಹಳೇ ಮನೆ ಅಂಗಳದ ಒಂದು ತುಂಡು ಹೋಗ್ತದೆ ಅಂತ ನೋಟಿಸ್ ಬಂದಿತ್ತು, ಅದ್ರಲ್ಲಿ ಅಜ್ಜನ ಹೆಸರಿನ ಕೆಳಗೆ ಒಬ್ಬ ಹೆಂಗಸಿನ ಹೆಸರು ಇದೆ. ಯಾರಿಗೂ ಗೊತ್ತಿಲ್ಲ. ಅಪ್ಪ ಇಲ್ಲ, ದೊಡ್ಡಪ್ಪನಿಗೆ ನೆನಪು ಹೋಗಿದೆ, ಚಿಕ್ಕಪ್ಪ ಒಬ್ರನ್ನ ಬಿಟ್ರೆ ಉಳಿದವರೆಲ್ಲ ನನ್ನ ಓರಗೆಯವರು. ಹಳೇ ಕಾಗದದ ಕಟ್ಟು ಬಿಚ್ಚಿ ನೋಡಿದ್ರೆ ಅಲ್ಲೂ ಅದೇ ಹೆಸರು, ಮುಂದೆ "ಕೋಂ" (ಇಂಥವರ ಹೆಂಡತಿ) ಅಂತ ಇದೆ, ಅದರ ಮುಂದೆ ಗಂಡನ ಹೆಸರು ಇರಬೇಕಾದ ಜಾಗ ಹುಳ ತಿಂದು ಹೋಗಿದೆ.

ಪರಿಹಾರದ ವಿಷಯ ವಕೀಲರು ನೋಡ್ಕೋತಾರೆ, ಅದರ ತಲೆಬಿಸಿ ನನಗಿಲ್ಲ. ಆದ್ರೆ ಈ ಹೆಸರು ಮಾತ್ರ ಬಿಡ್ತಾ ಇಲ್ಲ. ಆಫೀಸಲ್ಲಿ ಕೂತಾಗಲೂ ಅದೇ ಯೋಚನೆ, ರಾತ್ರಿ ಹನ್ನೆರಡಕ್ಕೆ ಎದ್ದು ಕೂತು ಕಾಗದದಲ್ಲಿ ಗೆರೆ ಎಳೀತಾ ಇರ್ತೇನೆ, ಅಜ್ಜ, ಅಜ್ಜನ ಅಣ್ಣತಮ್ಮಂದಿರು, ಅವರ ಮಕ್ಕಳು ಹೀಗೆ. ನಲವತ್ತು ವರ್ಷ ಆಗೋತನಕ ಅಜ್ಜನ ಅಪ್ಪನ ಹೆಸರೇ ಕೇಳದವನಿಗೆ ಈಗ ಇದು ಯಾಕೆ ಇಷ್ಟು ಬೇಕು ಅನ್ಸ್ತಿದೆ? ನಿಮ್ಮಲ್ಲಿ ಯಾರಾದ್ರೂ ಮನೆತನದ ಹಿಂದಿನದೆಲ್ಲ ಹುಡುಕಿದವರಿದ್ರೆ, ಎಂತಕ್ಕೆ ಶುರು ಮಾಡಿದ್ರಿ, ಯಾಕೆ ಬಿಡಲಿಲ್ಲ, ಸ್ವಲ್ಪ ಹೇಳಿ.

ತೋಟದಮನೆ, ಶಿರಸಿ:

ನಮ್ಮ ಕಡೆ ನೂರಕ್ಕೆ ತೊಂಬತ್ತು ಜನ ಶುರು ಮಾಡೋದು ಫೌತಿ ಖಾತೆಗೆ, ಅಂದ್ರೆ ಸತ್ತವರ ಹೆಸರಲ್ಲಿರೋ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋದಕ್ಕೆ ಮಾರಾಯ್ರೆ, ಇದರಲ್ಲಿ ಮುಚ್ಚಿಡೋದು ಎಂತದೂ ಇಲ್ಲ. ಅಡಿಕೆ ತೋಟ ಇನ್ನೂ ಮುತ್ತಜ್ಜನ ಹೆಸರಲ್ಲೇ ಇರ್ತದೆ, ನಾಡಕಚೇರಿಯಿಂದ ವಂಶವೃಕ್ಷ ತರಬೇಕು ಅಂದ್ರೆ ಸತ್ತವರು, ಇದ್ದವರು, ಮುಂಬೈಗೆ ಹೋಗಿ ವಾಪಸ್ ಬರದವರು ಎಲ್ಲ ಬರೀಬೇಕು, ಒಂದು ಹೆಸರು ಬಿಟ್ರೂ ಮುಂದೆ ತಕರಾರು. ನಾನೂ ಹಾಗೇ ಶುರು ಮಾಡಿದ್ದು. ಶ್ರಾದ್ಧದಲ್ಲಿ ಅಪ್ಪಯ್ಯ, ಅಜ್ಜ, ಮುತ್ತಜ್ಜ ಅಂತ ಮೂರು ತಲೆ ಹೇಳ್ತೇವಲ್ಲ, ಅಲ್ಲಿತನಕ ಸಲೀಸು. ನಾಲ್ಕನೆಯವರ ಹೆಸರು ಬಾಯಲ್ಲಿ ಇಲ್ಲ, ಕಾಗದದಲ್ಲಿ ಹುಡುಕಬೇಕು. ಅಟ್ಟದ ಮೇಲೆ ತಾಡವೋಲೆ ಇದೆ, ಆದ್ರೆ ಅದು ತಿಗಳಾರಿ ಲಿಪಿ, ಅದ್ರಲ್ಲಿ ಇರೋದು ಮಂತ್ರ ಪ್ರಯೋಗವೇ ಹೊರತು ಮನೆ ಸುದ್ದಿ ಅಲ್ಲ.

ಒಂದು ಮಾತು. 1862ಕ್ಕಿಂತ ಮೊದಲು ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಆಮೇಲೆ 1956ರ ತನಕ ಬಾಂಬೆಗೆ. ತೀರಾ ಹಳೇದು ಬೇಕು ಅಂದ್ರೆ ಬೆಂಗ್ಳೂರಲ್ಲಿ ಕೂತು ಹುಡುಕಿ ಪ್ರಯೋಜನ ಕಮ್ಮಿ. ಹತ್ತಿರದ್ದು ಬೇಕಾದ್ರೆ 1974ರ ಭೂಸುಧಾರಣೆ ಟೈಮಲ್ಲಿ ಗೇಣಿದಾರರು ಕೊಟ್ಟ ಡಿಕ್ಲರೇಷನ್ನು, ಫಾರಂ ನಂಬರ್ 7, ಅದರ ಫೈಲಲ್ಲಿ ಹೇಳಿಕೆಗಳು ಇರ್ತವೆ. ಯಾರು ಯಾರ ಮಗ, ಎಷ್ಟು ವರ್ಷದಿಂದ ಗೇಣಿ ಮಾಡ್ತಿದ್ರು ಅಂತೆಲ್ಲ ಅವರ ಬಾಯಿಂದಲೇ ಬಂದದ್ದು ಸಿಗ್ತದೆ. ನನಗೆ ತೋಟದ ಕೆಲಸ ಆದ್ಮೇಲೂ ಬಿಡೋದಕ್ಕೆ ಆಗದೇ ಇದ್ದದ್ದು ಆ ಹೇಳಿಕೆಗಳನ್ನ ಓದಿ. ನಮ್ಮ ಮನೆಗೆ ಗೇಣಿ ಕೊಡ್ತಿದ್ದವರು ನಮ್ಮ ಅಜ್ಜನ ಬಗ್ಗೆ ಹೇಳಿದ್ದು ಮನೆಯಲ್ಲಿ ಕೇಳಿದ ಕಥೆಗಿಂತ ಬೇರೆಯೇ ಇತ್ತು. ಅದು ಓದಲೇಬೇಕಾದದ್ದು ಅಂತ ನನ್ನ ಅಭಿಪ್ರಾಯ.

ಕೋಡಿಬಾಗ:

ಕಾರವಾರದ ಕೊಂಕಣಿಯವರಲ್ಲಿ ಜಮೀನಲ್ಲ, ದೇವರು. ನಮ್ಮ ಕುಲದೇವರೆಲ್ಲ ಗೋವಾದಲ್ಲಿ, ಒಬ್ಬರಿಗೆ ಮಂಗೇಶ, ಒಬ್ಬರಿಗೆ ಕವಳೆ ಶಾಂತಾದುರ್ಗಾ, ಒಬ್ಬರಿಗೆ ಮಾರ್ದೋಳ ಮಹಾಲಸಾ. ಆ ದೇವರುಗಳೂ ಮೊದಲು ಇದ್ದ ಜಾಗದಲ್ಲಿ ಇಲ್ಲ, 16ನೇ ಶತಮಾನದಲ್ಲಿ ಪೋರ್ಚುಗೀಸರು ಗುಡಿ ಕೆಡವೋದಕ್ಕೆ ಶುರು ಮಾಡಿದಾಗ ರಾತ್ರೋರಾತ್ರಿ ಮೂರ್ತಿ ಹೊತ್ತು ಹೊಳೆ ದಾಟಿ ಫೊಂಡಾ ಕಡೆ ಹೋದದ್ದು ಅಂತ ಹೇಳ್ತಾರೆ, ದೇವರು ಅತ್ತ ಹೋದ, ನಮ್ಮ ಹಿರಿಯರು ಇತ್ತ ಬಂದ್ರು. ಮದುವೆಯೋ ಮುಂಜಿಯೋ ಆದಾಗ ಅಲ್ಲಿಗೆ ಹೋಗಲೇಬೇಕು, ಹೋದಾಗ ಅಲ್ಲಿಯ ಭಟ್ಟರು ಮೂಲ ಊರು ಯಾವುದು ಅಂತ ಕೇಳ್ತಾರೆ. ಅಲ್ಲಿಂದ ಶುರು. ನಮ್ಮ ಅಡ್ಡಹೆಸರಿನ ಊರು ಗೋವಾದ ಸಾಲ್ಸೆಟ್‌ನಲ್ಲಿ ಈಗಲೂ ಇದೆ, ಹೋಗಿ ನೋಡಿ ಬಂದೆ, ಅಲ್ಲಿ ಈಗ ಇರೋರಲ್ಲಿ ಹೆಚ್ಚಿನವರು ಕ್ರಿಶ್ಚಿಯನ್ನರು. ಒಬ್ಬ ಅಜ್ಜ ಕೂರಿಸಿ ಮಾತಾಡಿಸಿದ್ರು, ತಮ್ಮ ಮನೆತನಕ್ಕೂ ಮೊದಲು ಇದೇ ದೇವರು ಅಂತ ಅವರೇ ಹೇಳಿದ್ರು. ಹಾಗಾದ್ರೆ ಊರು ಬಿಟ್ಟವರು ನಾವು, ಉಳಿದವರು ಅವರು, ಬುಡ ಒಂದೇ ಇರಬಹುದು. ಅವತ್ತಿಂದ ನನಗೆ "ನಮ್ಮವರು" ಅಂದ್ರೆ ಎಷ್ಟು ದೂರ ಹೋಗ್ತದೆ ಅನ್ನೋ ಲೆಕ್ಕವೇ ಬದಲಾಗಿದೆ.

ಮುಂಡಗೋಡದವ:

ನಮ್ಮ ಬಯಲುಸೀಮೆ ಕಡೆ ಇದನ್ನ ಹುಡುಕೋದೇ ಬೇಡ ಸರ್, ಹೆಳವ್ರು ಬರ್ತಾರೆ. ಸುಗ್ಗಿ ಆದ್ಮೇಲೆ ಮೊದಲೆಲ್ಲ ಎತ್ತಿನ ಮೇಲೆ ಬರ್ತಿದ್ರು, ಈಗ ಗಾಡಿಯಲ್ಲಿ. ಪುಸ್ತಕ ಬಿಚ್ಚಿ ಮೂಲಪುರುಷನಿಂದ ಹೇಳ್ಕೊಂತ ಬಂದು ಹೋದ ಸಲ ಬಂದಾದ್ಮೇಲೆ ಹುಟ್ಟಿದ ಮಕ್ಕಳ ಹೆಸರು ಬರ್ಕೊಂಡು, ಕಾಳೋ ದುಡ್ಡೋ ಕೊಟ್ಟದ್ದು ತಗೊಂಡು ಹೋಗ್ತಾರೆ. ಕರಾವಳಿ ಕಡೆ ಈ ಪದ್ಧತಿ ನಾನು ನೋಡಿಲ್ಲ.

ಗೇರುಸೊಪ್ಪೆ ಮೇಲಿನ ಕೇರಿ:

ಎಲ್ಲರ ಕಥೆ ಓದಿದೆ. ನಮ್ಮದು ಸ್ವಲ್ಪ ಬೇರೆ, ನಮಗೆ ವಂಶಾವಳಿ ಅಂದ್ರೆ ಇರೋ ಮನೆ ಉಳಿಸ್ಕೊಳ್ಳೋ ಪ್ರಶ್ನೆ. ಜಿಲ್ಲೆಯ ಬಹುಪಾಲು ಕಾಡು, ಕಾಡಂಚಲ್ಲಿ ಮೂರು ನಾಲ್ಕು ತಲೆಯಿಂದ ಗೇರು, ತೆಂಗು, ಭತ್ತ ಮಾಡ್ಕೊಂಡು ಇರೋರು ಸಾವಿರಾರು ಮನೆ, ದಾಖಲೆಯಲ್ಲಿ ಎಲ್ಲರೂ ಅತಿಕ್ರಮಣದಾರರು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಬುಡಕಟ್ಟಿನವರಲ್ಲದ ನಮ್ಮಂಥವರಿಗೆ ಹಾಕಿದ ಶರತ್ತು ಏನಪ್ಪಾ ಅಂದ್ರೆ 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು ಅಲ್ಲೇ ಇದ್ದು ಕಾಡನ್ನ ನಂಬಿ ಬದುಕಿದ್ದು ತೋರಿಸಬೇಕು, ಒಂದು ತಲೆಮಾರಿಗೆ 25 ವರ್ಷ, ಒಟ್ಟು 75. ಅಂದ್ರೆ 1930. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆದ ವರ್ಷ ಅದು. ಆವಾಗ ನಮ್ಮ ಮುತ್ತಜ್ಜ ಇಲ್ಲೇ ಇದ್ದ ಅನ್ನೋದಕ್ಕೆ ಕಾಗದ ಎಲ್ಲಿಂದ ತರೋದು? ಸಹಿ ಹಾಕೋದಕ್ಕೂ ಬರದ ಮನುಷ್ಯ.

ನನ್ನ ಹುಡುಕಾಟ ಶುರು ಆದದ್ದು ಹಾಗೆ. ಮೊದಲು ಶಾಲೆಗೆ ಹೋದೆ, ಹಳೇ ದಾಖಲಾತಿ ರಿಜಿಸ್ಟರಲ್ಲಿ ಅಜ್ಜನ ತಮ್ಮನ ಹೆಸರು ಸಿಕ್ತು, ಎರಡನೇ ಕ್ಲಾಸಿಗೆ ಬಿಡಿಸಿದ್ದಾರೆ, ಆದ್ರೆ ತಂದೆ ಹೆಸರು, ಊರು ಎರಡೂ ಇದೆ. ಆಮೇಲೆ ಗೊತ್ತಾಯ್ತು, 2008ರ ನಿಯಮದಲ್ಲಿ ಸಾಕ್ಷಿ ಅಂದ್ರೆ ಬರೀ ಸರ್ಕಾರದ ಕಾಗದ ಅಲ್ಲ, ಹಳೇ ಬಾವಿ, ಸುಡುಗಾಡು, ದೇವರ ಬನ, ಕಟ್ಟಿದ ಒಡ್ಡು, ಹಳೇ ದಾಖಲೆಯಲ್ಲಿ ಹೆಸರಿರೋ ಒಬ್ಬರ ತನಕ ಮುಟ್ಟೋ ವಂಶಾವಳಿ, ಅರ್ಜಿದಾರ ಅಲ್ಲದ ಹಿರಿಯರ ಹೇಳಿಕೆ ಬರಹದಲ್ಲಿ, ಇದೆಲ್ಲ ನಡೀತದೆ. ಈ ಮಾತು ಎಷ್ಟು ಜನರಿಗೆ ಗೊತ್ತಿಲ್ಲ ಅಂದ್ರೆ, ಕಾಗದ ಇಲ್ಲ ಅಂತ ಅರ್ಜಿಯನ್ನೇ ಹಾಕದವರು ನಮ್ಮ ಕೇರಿಯಲ್ಲೇ ಇದ್ದಾರೆ. ಒಂದಕ್ಕಿಂತ ಹೆಚ್ಚು ನಮೂನೆ ಸಾಕ್ಷಿ ಬೇಕು, ಅಷ್ಟು ನೆನಪಿಟ್ಕೊಳ್ಳಿ.

ಹಾಗಾಗಿ ಕೇರಿಯ ಮುದುಕರ ಹತ್ರ ಕೂತು ಬರ್ಕೊಳ್ಳೋದಕ್ಕೆ ಶುರು ಮಾಡಿದೆ. ಬಾವಿ ಯಾರು ತೋಡಿದ್ದು, ಚೌಡಿ ಕಲ್ಲಿಗೆ ಮೊದಲ ಪೂಜೆ ಯಾರ ಮನೆಯದು, ಯಾವ ಗದ್ದೆ ಯಾರ ಕೈಯಿಂದ ಆದದ್ದು, ಯಾವ ವರ್ಷ ಸಿಡುಬು ಬಂದು ಯಾರ ಮನೆ ಖಾಲಿ ಆಯ್ತು. ಅರ್ಜಿಗೆ ಬೇಕಾದದ್ದು ನಾಲ್ಕು ಸಾಲು, ಅವರು ಹೇಳಿದ್ದು ಎರಡು ನೋಟ್‌ಬುಕ್ ತುಂಬ. ಅರ್ಜಿ ಇನ್ನೂ ಇತ್ಯರ್ಥ ಆಗಿಲ್ಲ. ಅಘನಾಶಿನಿಯವರೇ, ನೀವು ಯಾಕೆ ಬಿಡೋದಕ್ಕೆ ಆಗ್ತಿಲ್ಲ ಅಂತ ಕೇಳಿದ್ರಿ. ನಾನು ಬಿಡದೇ ಇರೋದು ಯಾಕಂದ್ರೆ ನಮ್ಮವರು ಇಲ್ಲಿ ಬದುಕಿದ್ರು ಅನ್ನೋದೇ ಸುಳ್ಳು ಅಂತ ಆಗಬಾರದು. ಹಕ್ಕುಪತ್ರ ಬರಲಿ ಬಿಡಲಿ, ಆ ಎರಡು ನೋಟ್‌ಬುಕ್ ನಮ್ಮ ಮಕ್ಕಳಿಗೆ ಇರ್ತದೆ.

ಯಲ್ಲಾಪುರ ಕಾಡಿನ ಹುಡುಗಿ:

ನಾವು ಸಿದ್ದಿಗಳು. ಬಸ್ಸಲ್ಲಿ, ಕಾಲೇಜಲ್ಲಿ, ಬೆಂಗ್ಳೂರಲ್ಲಿ ರೂಮು ಕೇಳೋವಾಗ, ಎಲ್ಲ ಕಡೆ ಒಂದೇ ಪ್ರಶ್ನೆ, ನಿಮ್ಮ ಮೂಲ ಎಲ್ಲಿ ಅಂತ. ನಾನು ಕನ್ನಡದಲ್ಲೇ ಉತ್ತರ ಕೊಟ್ರೂ ನಂಬೋದಿಲ್ಲ. ನಮ್ಮಲ್ಲಿ ಇದರ ಬಗ್ಗೆ ಆಸಕ್ತಿ ಹುಟ್ಟೋದಕ್ಕೆ ಅದೇ ಮೊದಲ ಕಾರಣ, ಜನ ಕೇಳಿ ಕೇಳಿ. ಪೂರ್ವ ಆಫ್ರಿಕಾದಿಂದ ಹಡಗಲ್ಲಿ ತಂದು ಗೋವಾದಲ್ಲಿ ಮಾರಿದ್ರು, ಅಲ್ಲಿಂದ ತಪ್ಪಿಸ್ಕೊಂಡವರು ಘಟ್ಟದ ಕಾಡು ಸೇರಿದ್ರು ಅಂತ ಹಿರಿಯರು ಹೇಳೋದು, ರಕ್ತಪರೀಕ್ಷೆ ಮಾಡಿದ ವಿಜ್ಞಾನಿಗಳೂ ಆಫ್ರಿಕಾದ ಮೂಲವನ್ನೇ ಹೇಳಿದ್ದಾರೆ. ಆದ್ರೆ ಯಾವ ಊರು, ಯಾವ ಮನೆ, ಅವರ ಸ್ವಂತ ಹೆಸರು ಎಂತದಿತ್ತು? ಮಾರಿದವರು ಅದನ್ನ ಬರೆದಿಡೋದಿಲ್ಲ. 2003ರಲ್ಲಿ ನಮಗೆ ಪರಿಶಿಷ್ಟ ಪಂಗಡ ಅಂತ ಆಯ್ತು, ಆ ಸರ್ಟಿಫಿಕೇಟಿಗೂ ಅಪ್ಪ ಅಜ್ಜನ ತನಕ ಕಾಗದ ಬೇಕಾಯ್ತು, ಅದರಾಚೆ ಕಾಗದ ಇಲ್ಲ. ನಾವು ಹಿರಿಯರಿಗೆ ಎಡೆ ಇಡ್ತೇವೆ, ಹಿಂದೂ ಸಿದ್ದಿಗಳು, ಮುಸ್ಲಿಂ ಸಿದ್ದಿಗಳು, ಕ್ರಿಶ್ಚಿಯನ್ ಸಿದ್ದಿಗಳು ಎಲ್ಲರಲ್ಲೂ ಹಿರಿಯರಿಗೆ ದೊಡ್ಡ ಜಾಗ ಇದೆ. ಎಡೆ ಇಡೋವಾಗ ಹೆಸರು ಗೊತ್ತಿದ್ದವರನ್ನ ಹೆಸರಿಟ್ಟು ಕರೀತೇವೆ, ಗೊತ್ತಿಲ್ಲದವರನ್ನ ಎಲ್ಲ ಹಿರಿಯರೂ ಬನ್ನಿ ಅಂತ. ನಾನೀಗ ಅಜ್ಜಿ ಹಾಡೋ ಪದಗಳನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ತಾ ಇದ್ದೇನೆ, ಅದ್ರಲ್ಲಿ ಅರ್ಥ ಗೊತ್ತಿಲ್ಲದ ಮಾತುಗಳಿವೆ, ಅದನ್ನ ತಿಳಿದವರಿಗೆ ತೋರಿಸಬೇಕು.

ಸಿದ್ದಾಪುರದ ಮಗಳು:

ಗಂಡಸರೆಲ್ಲ ಅಜ್ಜ ಮುತ್ತಜ್ಜ ಅಂತ ಮೇಲೆ ಮೇಲೆ ಹೋದ್ರಿ, ಇರಲಿ. ಅಘನಾಶಿನಿಯವರ ಆ ಹೆಸರಿನ ವಿಷಯಕ್ಕೆ ಬರ್ತೇನೆ, ಅದಕ್ಕಿಂತ ಮೊದಲು ನಾನು ಯಾಕೆ ಶುರು ಮಾಡಿದೆ ಅಂತ. ನನಗೆ ಎದೆಯಲ್ಲಿ ಗಂಟು ಕಂಡಾಗ ಡಾಕ್ಟರು ಮೊದಲು ಕೇಳಿದ್ದು ತಾಯಿ ಕಡೆ, ತಂದೆ ಕಡೆ ಯಾರಿಗಾದ್ರೂ ಸ್ತನದ ಇಲ್ಲ ಅಂಡಾಶಯದ ಕ್ಯಾನ್ಸರ್ ಇತ್ತಾ ಅಂತ. ಆಯಿಗೆ, ಅಂದ್ರೆ ನನ್ನ ಅಮ್ಮನಿಗೆ, ಇರಲಿಲ್ಲ. ಅಮ್ಮಮ್ಮ ಚಿಕ್ಕ ವಯಸ್ಸಲ್ಲೇ ಹೋದದ್ದು, "ಹೊಟ್ಟೆ ಬಾವು" ಅಂತ ಒಂದೇ ಮಾತು. ಅವರ ಆಯಿ? ಅವರ ಅಕ್ಕತಂಗಿಯರು? ತವರಿನ ಊರು ಯಾವುದು ಅಂತ ಕೂಡ ಯಾರಿಗೂ ಖಾತ್ರಿ ಇಲ್ಲ. ಅಪ್ಪಯ್ಯನ ಕಡೆ ಏಳು ತಲೆ ಬರೆದಿಟ್ಟ ಪುಸ್ತಕ ಇದೆ, ಚೆಂದ ಬೈಂಡ್ ಮಾಡ್ಸಿದ್ದು, ಅದ್ರಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲ, ಮದುವೆ ಆದ ಕೂಡ್ಲೇ ಆ ಕೊಂಬೆ ಮುಗೀತು. ಮದುವೆಯಲ್ಲಿ ಗೋತ್ರ ಹೋಗ್ತದೆ, ಎಷ್ಟೋ ಮನೆಯಲ್ಲಿ ಹುಟ್ಟಿದ ಹೆಸರೂ ಹೋಗ್ತದೆ, ಶ್ರಾದ್ಧದಲ್ಲಿ ಹೇಳೋದು ಗಂಡನ ಮನೆಯಲ್ಲಿ ಇಟ್ಟ ಹೆಸರು. ಆಮೇಲೆ ಹುಡುಕಿದ್ರೆ ಅವಳು ಎಲ್ಲಿ ಸಿಗ್ತಾಳೆ? ಈ ಕಾಯಿಲೆಯ ಜೀನು ಅಪ್ಪನಿಂದಲೂ ಬರಬಹುದು, ಅಮ್ಮನಿಂದಲೂ ಬರಬಹುದು, ವಂಶಾವಳಿ ಬರೆದವರು ಮಾತ್ರ ಒಂದೇ ಕಡೆ ಬರೆದಿಟ್ರು. ನನ್ನದು ಈಗ ಆರಾಮ ಇದೆ. ಆದ್ರೆ ನನ್ನ ಮಗಳಿಗೆ ನಾನು ಅರ್ಧ ಖಾಲಿ ಪುಸ್ತಕ ಕೊಡೋದಿಲ್ಲ. ಆಯಿಯ ಸೋದರಸಂಬಂಧಿಗಳಿಗೆಲ್ಲ ಫೋನ್ ಹಚ್ಚಿ ಬರೀ ಹೆಂಗಸರ ಒಂದು ವಂಶಾವಳಿ ಮಾಡ್ತಾ ಇದ್ದೇನೆ, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದ್ದು, ಎಲ್ಲಿಗೆ ಕೊಟ್ಟದ್ದು, ಹೇಗೆ ಹೋದದ್ದು.

ಈಗ ನಿಮ್ಮ ಹೆಸರು. ನನ್ನ ಅಂದಾಜು, ಅದು ನಿಮ್ಮ ಅಜ್ಜನ ತೀರಿಹೋದ ಅಣ್ಣನೋ ತಮ್ಮನೋ ಇದ್ರೆ ಅವರ ಹೆಂಡತಿ. 1937ರಲ್ಲಿ ಒಂದು ಕಾಯ್ದೆ ಬಂತು, ಕೂಡುಕುಟುಂಬದಲ್ಲಿ ಗಂಡ ಸತ್ರೆ ಅವನಿಗಿದ್ದ ಪಾಲು ವಿಧವೆಗೆ, ಆದ್ರೆ ಅವಳು ಬದುಕಿರೋ ತನಕ ಅನುಭವಿಸೋದಕ್ಕೆ ಮಾತ್ರ. 1956ರ ವಾರಸಾ ಕಾಯ್ದೆಯಲ್ಲಿ ಅದು ಪೂರ್ತಿ ಹಕ್ಕಾಯ್ತು. ಹಾಗಾಗಿ ಹೆಸರು ಏರಿಸಿರ್ತಾರೆ. ಮಕ್ಕಳಿರಲಿಲ್ಲ ಅಂದ್ರೆ ಸತ್ತಮೇಲೆ ಫೌತಿ ಮಾಡ್ಸೋರು ಯಾರು? ಮಾಡಿಸಲಿಲ್ಲ, ಅದಕ್ಕೇ ಹೆಸರು ಉಳೀತು. ಮನೆಯವರ ಬಾಯಲ್ಲಿ ಇಲ್ಲದವಳು ಪಹಣಿಯಲ್ಲಿ ಇದ್ದಾಳೆ. ಹೊನ್ನಾವರದಲ್ಲೋ ಎಲ್ಲೋ ವಯಸ್ಸಾದ ಅತ್ತೆ ಯಾರಾದ್ರೂ ಇದ್ರೆ ಈ ವಾರವೇ ಕೇಳಿ, ಮುಂದಿನ ಹಬ್ಬಕ್ಕೆ ಅಂತ ಕಾಯಬೇಡಿ. ಹೆಸರು ಹೇಳಿ ಕೇಳಬೇಡಿ, ಹೆಸರು ಅವರಿಗೂ ಗೊತ್ತಿರೋದಿಲ್ಲ. ಮನೆಯಲ್ಲಿ ಮಕ್ಕಳಿಲ್ಲದ ವಿಧವೆ ಯಾರಿದ್ರು ಅಂತ ಕೇಳಿ.

ಅಘನಾಶಿನಿ ದಂಡೆ:

ಅಕ್ಕ, ನೀವು ಹೇಳಿದ ಹಾಗೇ ಆಯ್ತು. ಅಪ್ಪನ ಸೋದರತ್ತೆಯ ಮಗಳು ಒಬ್ಬರು ಹಳದೀಪುರದಲ್ಲಿ ಇದ್ದಾರೆ, ಎಂಬತ್ತರ ಮೇಲೆ ವಯಸ್ಸು, ಕಿವಿ ಮಂದ, ನೆನಪು ಚುರುಕು. ಹೆಸರು ಹೇಳಿದೆ, ಗೊತ್ತಿಲ್ಲ ಅಂದ್ರು. ವಿಧವೆ ಅಂತ ಕೇಳಿದ ಕೂಡ್ಲೇ "ಓ ದೊಡ್ಡತ್ತೆ!" ಅಂದ್ರು. ನಮ್ಮ ಅಜ್ಜನಿಗೆ ಒಬ್ಬ ಅಣ್ಣ ಇದ್ದನಂತೆ, ನಾನು ಕೇಳೇ ಇರಲಿಲ್ಲ, ಮದುವೆಯಾಗಿ ಎರಡು ವರ್ಷಕ್ಕೆ ಚಳಿಜ್ವರದಲ್ಲಿ ಹೋದದ್ದು. ಅವಳಿಗೆ ಆವಾಗ ಹದಿನೆಂಟೋ ಹತ್ತೊಂಬತ್ತೋ. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದು, ಶುಭಕಾರ್ಯಕ್ಕೆ ಎದುರು ಬರೋ ಹಾಗಿಲ್ಲ, ಆದ್ರೆ ಮನೆಯ ಎಲ್ಲ ಬಾಣಂತನ ಅವಳದ್ದೇ. ನನ್ನ ಅಪ್ಪನನ್ನ ಸಾಕಿದ್ದು ಅವಳೇ, ಅಜ್ಜಿ ಕಾಯಿಲೆ ಮಲಗಿದ್ದರಿಂದ. ಅಪ್ಪ ಒಂದು ದಿನವೂ ನಮಗೆ ಹೇಳಲಿಲ್ಲ, ಅಥವಾ ನಾವು ಕೇಳಲಿಲ್ಲ. ಆ ಮನೆಯಲ್ಲಿ ಎಲ್ಲರೂ ದೊಡ್ಡತ್ತೆ ಅಂತ ಕರೆದು ಕರೆದು ಹೆಸರು ಯಾರಿಗೂ ಬೇಕಾಗಲಿಲ್ಲ ಅಂತ ಅನ್ಸ್ತದೆ. ಅಪ್ಪನ ತಮ್ಮ ಒಬ್ರು ಇದ್ದಾರೆ, ಫೋನ್ ಮಾಡಿ ಹೇಳಿದೆ, ಅವರು ತುಂಬ ಹೊತ್ತು ಮಾತೇ ಆಡಲಿಲ್ಲ, ಆಮೇಲೆ ತೀರಿದ ತಿಥಿ ಸಿಕ್ರೆ ಹೇಳು, ಮಹಾಲಯದಲ್ಲಿ ಅವಳ ಹೆಸರೂ ಸೇರಿಸೋಣ ಅಂದ್ರು.

ಈಗ ತಿಥಿ ಅಥವಾ ಇಸವಿಯಾದ್ರೂ ಹುಡುಕಬೇಕು. 1960ರ ಆಚೀಚೆ ಅಂತ ಹಳದೀಪುರದ ಅತ್ತೆ ಹೇಳಿದ್ದು. ಜನನ ಮರಣ ನೋಂದಣಿ ಕಾಯ್ದೆ 1969ರದ್ದಲ್ವಾ, ಅದಕ್ಕಿಂತ ಹಿಂದಿನದು ಎಲ್ಲಾದ್ರೂ ಸಿಗ್ತದಾ?

ತೋಟದಮನೆ, ಶಿರಸಿ:

ಸಿಗಬಹುದು. ಆ ಕಾಯ್ದೆಗಿಂತ ಮೊದಲೂ ಊರಿನ ಹುಟ್ಟು ಸಾವು ಬರೆದಿಡ್ತಿದ್ರು, ಹಳೇ ಪುಸ್ತಕ ಉಳಿದಿದ್ರೆ ತಾಲೂಕು ಕಚೇರಿ ರೆಕಾರ್ಡ್ ರೂಮಲ್ಲಿ ಇರ್ತದೆ. ನಕಲಿಗೆ ಅರ್ಜಿ ಕೊಡೋವಾಗ ಊರಿನ ಹೆಸರು, ಇಸವಿ 1955ರಿಂದ 65ರ ತನಕ ಅಂತ ಅಗಲ ಇಟ್ಟು ಬರೀರಿ, ಒಂದೇ ಇಸವಿ ಹಾಕಿದ್ರೆ ಇಲ್ಲ ಅಂತ ಹಿಂಬರಹ ಕೊಟ್ಟು ಕೈತೊಳೀತಾರೆ. ಅದರ ಜೊತೆ ಅದೇ ಸರ್ವೆ ನಂಬರಿನ ಹಳೇ ಮ್ಯುಟೇಶನ್ (ಖಾತೆ ಬದಲಾವಣೆ) ಎಂಟ್ರಿಗಳ ನಕಲೂ ಕೇಳಿ, ಅವಳ ಹೆಸರು ಏರಿಸಿದ ಎಂಟ್ರಿಯಲ್ಲಿ ಗಂಡ ತೀರಿದ ತಾರೀಕು ಬರೆದಿರೋ ಸಾಧ್ಯತೆ ಜಾಸ್ತಿ, ಹುಳ ತಿಂದ ಹೆಸರೂ ಅಲ್ಲೇ ಸಿಗ್ತದೆ. ಅವಳು ತೀರಿದ ತಾರೀಕು ಸಿಕ್ಕ ಮೇಲೆ ತಿಥಿ ಲೆಕ್ಕ ಹಾಕೋದು ಕಷ್ಟ ಅಲ್ಲ, ಇಲ್ಲೇ ಹಾಕಿ, ನಮ್ಮ ಭಟ್ರ ಹತ್ರ ಹಳೇ ಪಂಚಾಂಗ ಇದೆ, ನೋಡಿ ಹೇಳ್ತೇನೆ.